ಮಲೇರಿಯಾ ನಿರ್ಮೂಲನೆ: ಕೊನೆಯ ಪ್ರಕರಣಗಳ ಲೆಕ್ಕ

ಒಂದು ದೇಶವನ್ನು ಮಲೇರಿಯಾಮುಕ್ತವೆಂದು ವಿಶ್ವ ಆರೋಗ್ಯ ಸಂಸ್ಥೆ ಪ್ರಮಾಣೀಕರಿಸಬೇಕಾದರೆ, ಆ ದೇಶದ ಯಾವ ಮೂಲೆಯಲ್ಲಿಯೂ ಕನಿಷ್ಠ 3 ವರ್ಷ ರೋಗಾಣುವಿನ ಸ್ಥಳೀಯ ಹರಡುವಿಕೆಯ ಸರಪಳಿ ಕಂಡುಬಂದಿರಬಾರದು. ಜೊತೆಗೆ, ರೋಗ ಮತ್ತೆ ಬೇರೂರದಂತೆ ತಡೆಯಬಲ್ಲ ವ್ಯವಸ್ಥೆಯೊಂದು ಅಲ್ಲಿ ಕೆಲಸ ಮಾಡುತ್ತಿರಬೇಕು. ಭಾರತವು 2016ರಲ್ಲಿ ಪ್ರಕಟಿಸಿದ ರಾಷ್ಟ್ರೀಯ ಚೌಕಟ್ಟು 2030ರೊಳಗೆ ನಿರ್ಮೂಲನೆಯ ಗುರಿ ಇಟ್ಟುಕೊಂಡಿದ್ದು, ಸ್ಥಳೀಯ ಪ್ರಕರಣಗಳನ್ನು 2027ರೊಳಗೆ ಸೊನ್ನೆಗೆ ಇಳಿಸಬೇಕೆಂಬ ಗಡುವು ಈ ಷರತ್ತಿಗೆ ತಕ್ಕಂತೆಯೇ ಇದೆ. ಆದ್ದರಿಂದ ನಿರ್ಮೂಲನೆಗೆ ಸಂಬಂಧಿಸಿದ ಅಂತರರಾಷ್ಟ್ರೀಯ ಮಾರ್ಗಸೂಚಿಗಳು ಕಾಲಕಾಲಕ್ಕೆ ಹೇಗೆ ತಿದ್ದುಪಡಿಯಾಗುತ್ತವೆ ಎಂಬ ಪ್ರಶ್ನೆ ಜಿನೀವಾದ ತಜ್ಞರಿಗೆ ಮಾತ್ರ ಸೇರಿದ್ದೆಂದು ಸುಮ್ಮನಿರುವಂತಿಲ್ಲ. ಔಷಧ, ಸೊಳ್ಳೆಪರದೆ, ಕೀಟನಾಶಕಗಳ ವಿಷಯದಲ್ಲಿ ಈ ಮಾರ್ಗಸೂಚಿಗಳು ಸಾಕಷ್ಟು ಗಟ್ಟಿಯಾಗಿವೆ. ಕೊನೆಗೆ ಉಳಿಯುವ ಕೆಲವೇ ಪ್ರಕರಣಗಳನ್ನು ಪ್ರಾಮಾಣಿಕವಾಗಿ ಎಣಿಸುವಂತೆ ದೇಶಗಳನ್ನು ಕಟ್ಟಿಹಾಕುವ ವಿಷಯದಲ್ಲಿ ಅವು ಇನ್ನೂ ಬಿಗಿಯಾಗಬೇಕಾಗಿದೆ.

ರೋಗದ ಹೊರೆಯನ್ನು ತಗ್ಗಿಸುವುದು ನಿಯಂತ್ರಣ. ನಿರ್ದಿಷ್ಟ ಭೂಪ್ರದೇಶದಲ್ಲಿ ಸ್ಥಳೀಯ ಹರಡುವಿಕೆಯನ್ನು ಪೂರ್ತಿ ನಿಲ್ಲಿಸುವುದು ನಿರ್ಮೂಲನೆ. ಇಡೀ ಭೂಮಂಡಲದಿಂದಲೇ ರೋಗಾಣುವನ್ನು ಅಳಿಸಿಹಾಕುವುದು ಇವೆರಡನ್ನೂ ಮೀರಿದ ಮೂರನೆಯ ಗುರಿ. 1955ರಲ್ಲಿ ಆರಂಭವಾದ ಜಾಗತಿಕ ಅಭಿಯಾನ ನೇರವಾಗಿ ಈ ಮೂರನೆಯದಕ್ಕೇ ಕೈಹಾಕಿತು. ಸಿದ್ಧತೆ, ದಾಳಿ, ದೃಢೀಕರಣ, ಪಾಲನೆ ಎಂಬ ನಾಲ್ಕು ಹಂತಗಳನ್ನು ಎಲ್ಲ ದೇಶಗಳೂ ಒಂದೇ ಕ್ರಮದಲ್ಲಿ ದಾಟಬೇಕೆಂಬುದು ಅದರ ಸೂತ್ರವಾಗಿತ್ತು. ರೋಗದ ಭಾರ ಅತಿ ಹೆಚ್ಚಾಗಿದ್ದ ಸಹರಾ ಮರುಭೂಮಿಯ ದಕ್ಷಿಣದ ಆಫ್ರಿಕಾ ಈ ಅಭಿಯಾನದಿಂದ ಬಹುಮಟ್ಟಿಗೆ ಹೊರಗೇ ಉಳಿಯಿತು. ಆ ಕಾಲದ ಆತ್ಮವಿಶ್ವಾಸಕ್ಕೆ ಡಿಡಿಟಿಯ ಯಶಸ್ಸೇ ಆಧಾರವಾಗಿದ್ದು, ಭಾರತದ ಮಟ್ಟಿಗೆ ಅದರ ಮೊದಲ ದೊಡ್ಡ ಗ್ರಾಮೀಣ ಪ್ರಯೋಗಗಳಲ್ಲಿ ಒಂದು ನಡೆದದ್ದು ಅಂದಿನ ಮುಂಬಯಿ ಪ್ರಾಂತದ ಕೆನರಾ ಮತ್ತು ಧಾರವಾಡ ಜಿಲ್ಲೆಗಳಲ್ಲಿ, 1940ರ ದಶಕದ ನಡುಭಾಗದಲ್ಲಿ, ಡಿ.ಕೆ. ವಿಶ್ವನಾಥನ್ ಅವರ ನೇತೃತ್ವದಲ್ಲಿ. ಸ್ವಾತಂತ್ರ್ಯದ ಹೊತ್ತಿಗೆ ವರ್ಷಕ್ಕೆ ಸುಮಾರು 7.5 ಕೋಟಿ ಜನರನ್ನು ಕಾಡಿ 8 ಲಕ್ಷ ಜನರನ್ನು ಬಲಿ ತೆಗೆದುಕೊಳ್ಳುತ್ತಿತ್ತೆಂದು ಅಂದಾಜಿಸಲಾದ ರೋಗವು 1960ರ ದಶಕದ ನಡುವಿನ ವೇಳೆಗೆ ಸುಮಾರು 1 ಲಕ್ಷ ಪ್ರಕರಣಗಳಿಗೆ ಇಳಿದಿತ್ತು. 1976ರಲ್ಲಿ ಅದು 64 ಲಕ್ಷಕ್ಕೆ ಏರಿತು. ಶ್ರೀಲಂಕೆಯ ಕಥೆ ಇನ್ನೂ ಕಟುವಾದದ್ದು: 1963ರಲ್ಲಿ ಇಡೀ ದ್ವೀಪದಲ್ಲಿ ದಾಖಲಾದದ್ದು 17 ಪ್ರಕರಣಗಳು, ಆ ದಶಕ ಮುಗಿಯುವಷ್ಟರಲ್ಲಿ ಲಕ್ಷಾಂತರ ಜನ ಮತ್ತೆ ಜ್ವರದಲ್ಲಿ ಮಲಗಿದ್ದರು. ಸೊಳ್ಳೆಗಳು ಕೀಟನಾಶಕವನ್ನು ತಾಳಿಕೊಳ್ಳುವ ಶಕ್ತಿ ಪಡೆದದ್ದು ನಿಜ, ಆದರೆ ಅದಕ್ಕೂ ಮೊದಲು ಸಡಿಲವಾದದ್ದು ಕಣ್ಗಾವಲು. ಹಣ ಕಡಿಮೆಯಾಯಿತು, ರಕ್ತಪರೀಕ್ಷೆಗಳು ವಿರಳವಾದವು, ರೋಗವು ಇಲ್ಲವೆಂಬ ನಂಬಿಕೆಯೇ ಅದನ್ನು ಹುಡುಕದಿರುವುದಕ್ಕೆ ಕಾರಣವಾಯಿತು. 1969ರಲ್ಲಿ ವಿಶ್ವ ಆರೋಗ್ಯ ಸಭೆ ತನ್ನ ಕಾರ್ಯನೀತಿಯನ್ನು ಬದಲಿಸಿಕೊಂಡು, ಜಾಗತಿಕ ನಾಶದ ಗಡುವನ್ನು ಕೈಬಿಟ್ಟಿತು.

ಈ ಸೋಲಿನ ಪಾಠವನ್ನು ಮಾರ್ಗಸೂಚಿಗಳು ಅರಗಿಸಿಕೊಳ್ಳಲು ಬಹಳ ಕಾಲ ಹಿಡಿಯಿತು. 2007ರ ಕ್ಷೇತ್ರ ಕೈಪಿಡಿ ಕೂಡ ದೇಶಗಳನ್ನು ಹಂತಗಳಲ್ಲಿ ಕೂರಿಸಿ, ಒಂದು ಹಂತ ಮುಗಿಯದೆ ಮುಂದಿನದಕ್ಕೆ ಹೋಗಲಾಗದೆಂಬ ಭಾವನೆಯನ್ನು ಉಳಿಸಿಕೊಂಡಿತ್ತು. ಅದರ ಸ್ಥಾನದಲ್ಲಿ 2017ರಲ್ಲಿ ಬಂದ ನಿರ್ಮೂಲನಾ ಚೌಕಟ್ಟು, ಹರಡುವಿಕೆಯ ತೀವ್ರತೆಯನ್ನು ಹೆಚ್ಚು, ಮಧ್ಯಮ, ಕಡಿಮೆ, ಅತಿ ಕಡಿಮೆ ಎಂಬ ಒಂದೇ ಸಾಲಿನ ಮೇಲೆ ಗುರುತಿಸಿ, ಪ್ರತಿ ದೇಶವೂ ಈಗಿರುವ ಸ್ಥಿತಿಯಿಂದಲೇ ನಿರ್ಮೂಲನೆಯ ಕೆಲಸ ಆರಂಭಿಸಬಹುದು, ಒಂದೇ ದೇಶದೊಳಗೆ ಬೇರೆ ಬೇರೆ ಜಿಲ್ಲೆಗಳು ಬೇರೆ ಬೇರೆ ವೇಗದಲ್ಲಿ ಸಾಗಬಹುದು ಎಂದು ಒಪ್ಪಿಕೊಂಡಿತು. ಒಡಿಶಾದ ಕಾಡಂಚಿನ ಹಳ್ಳಿಗಳನ್ನೂ ಪಂಜಾಬಿನ ಗೋಧಿ ಹೊಲಗಳನ್ನೂ ಒಳಗೊಂಡ ಭಾರತದಂತಹ ದೇಶಕ್ಕೆ ಇದು ಬಹಳ ಅಗತ್ಯವಾಗಿದ್ದ ತಿದ್ದುಪಡಿ. 2021ರಿಂದ ವಿಶ್ವ ಆರೋಗ್ಯ ಸಂಸ್ಥೆ ತನ್ನ ಮಲೇರಿಯಾ ಶಿಫಾರಸುಗಳನ್ನೆಲ್ಲ ಒಂದೇ ಕಡೆ ಸೇರಿಸಿ, ಹೊಸ ಪುರಾವೆ ದೊರೆತಂತೆಲ್ಲ ಪರಿಷ್ಕರಿಸುತ್ತ ಬಂದಿದೆ. 2022ರಲ್ಲಿ ಸೇರಿಸಿದ ನಿರ್ಮೂಲನೆಯ ಅಂತಿಮ ಘಟ್ಟದ ಶಿಫಾರಸುಗಳು ಒಂದು ಮುಖ್ಯ ವಿಷಯವನ್ನು ಹೇಳಿದವು: ಊರಿನವರೆಲ್ಲರ ರಕ್ತವನ್ನು ಒಮ್ಮೆಗೇ ಪರೀಕ್ಷಿಸಿ, ಸೋಂಕು ಕಂಡವರಿಗೆ ಮಾತ್ರ ಔಷಧ ಕೊಡುವ ವಿಧಾನವನ್ನು ಶಿಫಾರಸು ಮಾಡುವಂತಿಲ್ಲ. ರಕ್ತದಲ್ಲಿ ರೋಗಾಣುಗಳ ಸಂಖ್ಯೆ ತೀರ ಕಡಿಮೆಯಿರುವವರನ್ನು ಸಾಮಾನ್ಯ ಕ್ಷಿಪ್ರ ಪರೀಕ್ಷೆಗಳು ಪತ್ತೆ ಮಾಡಲಾರವು, ಅಂಥವರಿಂದಲೂ ಸೊಳ್ಳೆಗೆ ರೋಗ ದಾಟಬಲ್ಲದು. ಜನಪ್ರಿಯವಾಗಬಹುದಾಗಿದ್ದ ಕ್ರಮವೊಂದನ್ನು ಪುರಾವೆಯ ಆಧಾರದ ಮೇಲೆ ಬೇಡವೆನ್ನುವ ಈ ಧೈರ್ಯವೇ ಮಾರ್ಗಸೂಚಿಗಳಿಗೆ ಬೆಲೆ ತರುತ್ತದೆ.

ಇದೇ ಧೈರ್ಯ ಎಣಿಕೆಯ ವಿಷಯದಲ್ಲಿಯೂ ಬೇಕು. ನಿರ್ಮೂಲನೆಯ ಘಟ್ಟದಲ್ಲಿ ಪ್ರತಿ ರೋಗಿಯ ಸೋಂಕು ಎಲ್ಲಿಂದ ಬಂತೆಂದು ವಿಚಾರಿಸಿ ವರ್ಗೀಕರಿಸಲಾಗುತ್ತದೆ. ಹೊರಗೆ ಸೋಂಕು ತಗಲಿಸಿಕೊಂಡು ಬಂದದ್ದು ಆಮದು ಪ್ರಕರಣ. ಅಂಥ ರೋಗಿಯನ್ನು ಕಚ್ಚಿದ ಇಲ್ಲಿನ ಸೊಳ್ಳೆ ಇನ್ನೊಬ್ಬರಿಗೆ ದಾಟಿಸಿದ ಮೊದಲ ತಲೆಮಾರಿನ ಸೋಂಕು ಪರಿಚಯಿತ ಪ್ರಕರಣ. ಅದಕ್ಕೂ ಮುಂದೆ ಸರಪಳಿ ಬೆಳೆದರೆ, ಇಲ್ಲವೇ ಹೊರಗಿನ ನಂಟು ಕಾಣದೆ ಹೋದರೆ ಅದು ಸ್ಥಳೀಯ ಪ್ರಕರಣ. ಪ್ರಮಾಣಪತ್ರಕ್ಕೆ ಅಡ್ಡಿಯಾಗುವುದು ಈ ಕೊನೆಯದು ಮಾತ್ರ. ಗಡುವು ಹತ್ತಿರವಾದಂತೆ, ಅನುಮಾನವಿರುವ ಪ್ರಕರಣವನ್ನು ಆಮದಿನ ಪಟ್ಟಿಗೆ ತಳ್ಳುವ ಪ್ರಲೋಭನೆ ಯಾವ ಆಡಳಿತಕ್ಕಾದರೂ ಹುಟ್ಟುತ್ತದೆ, ಮತ್ತು ಆ ಪಟ್ಟಿಗೆ ಸೇರಲು ರೋಗಿಯ ಹುಟ್ಟೂರು ಬೇರೆ ರಾಜ್ಯದ್ದಾಗಿದ್ದರೆ ಸಾಕು ಎಂಬಂತಾದರೆ ಇಲ್ಲಿನ ಸೊಳ್ಳೆಯನ್ನು ಹುಡುಕುವ ಕೆಲಸವೇ ನಿಂತುಹೋಗುತ್ತದೆ. ಇನ್ನೊಂದು ಬಗೆಯ ಕೊರತೆಯನ್ನು ಅಂಕಿಗಳೇ ತೋರಿಸುತ್ತವೆ. ಭಾರತದಲ್ಲಿ ದಾಖಲಾದ ಪ್ರಕರಣಗಳು 2015ರ 11.69 ಲಕ್ಷದಿಂದ 2023ರಲ್ಲಿ 2.27 ಲಕ್ಷಕ್ಕೆ ಇಳಿದಿವೆ; ಇದು ಆಶಾ ಕಾರ್ಯಕರ್ತೆಯರಿಂದ ಹಿಡಿದು ಪ್ರಯೋಗಾಲಯ ತಂತ್ರಜ್ಞರವರೆಗೆ ಸಾವಿರಾರು ಜನರ ದುಡಿಮೆಯ ಫಲ, ದೇಶ ಹೆಮ್ಮೆಪಡಬೇಕಾದ ಸಾಧನೆ. ಆದರೆ ಅದೇ 2023ಕ್ಕೆ ವಿಶ್ವ ಆರೋಗ್ಯ ಸಂಸ್ಥೆ ಮಾಡಿದ ಅಂದಾಜು ಸುಮಾರು 20 ಲಕ್ಷ. ಖಾಸಗಿ ಆಸ್ಪತ್ರೆಗಳಲ್ಲಿ ಗುಣಪಡಿಸಿ ವರದಿ ಮಾಡದೆ ಬಿಟ್ಟವರು, ಔಷಧ ಅಂಗಡಿಯ ಮಾತ್ರೆಯಲ್ಲೇ ಜ್ವರ ಕಳೆದವರು, ಪರೀಕ್ಷೆಗೇ ಹೋಗದವರು ಈ ಎರಡು ಅಂಕಿಗಳ ನಡುವಿನ ಅಂತರದಲ್ಲಿದ್ದಾರೆ, ಮತ್ತು ಹಲವು ರಾಜ್ಯಗಳು ಮಲೇರಿಯಾವನ್ನು ಕಡ್ಡಾಯವಾಗಿ ತಿಳಿಸಬೇಕಾದ ರೋಗವೆಂದು ಘೋಷಿಸಿದ ಮೇಲೂ ಅಂತರ ಮುಚ್ಚಿಲ್ಲ.

ವೈವಾಕ್ಸ್ ಎಂಬ ಬಗೆಯ ರೋಗಾಣು ಈ ಲೆಕ್ಕವನ್ನು ಇನ್ನಷ್ಟು ಕಷ್ಟವಾಗಿಸುತ್ತದೆ. ಫಾಲ್ಸಿಪಾರಂ ಬಗೆ ಬೇಗ ಪ್ರಾಣ ತೆಗೆಯಬಲ್ಲದಾದರೂ ಸರಿಯಾದ ಔಷಧದಿಂದ ದೇಹವನ್ನು ಬಿಟ್ಟುಹೋಗುತ್ತದೆ; ವೈವಾಕ್ಸ್ ತನ್ನ ಒಂದಂಶವನ್ನು ಯಕೃತ್ತಿನಲ್ಲಿ ಸುಪ್ತ ಸ್ಥಿತಿಯಲ್ಲಿ ಉಳಿಸಿ, ವಾರಗಳೋ ತಿಂಗಳುಗಳೋ ಕಳೆದ ಮೇಲೆ, ಹೊಸದಾಗಿ ಸೊಳ್ಳೆ ಕಚ್ಚದಿದ್ದರೂ ಜ್ವರವನ್ನು ಮರಳಿ ತರುತ್ತದೆ. ಸುಪ್ತ ರೂಪವನ್ನು ಕೊಲ್ಲುವ ಪ್ರೈಮಾಕ್ವಿನ್ ಮಾತ್ರೆಯನ್ನು ವಾಡಿಕೆಯಂತೆ 14 ದಿನ ನುಂಗಬೇಕು. ಜ್ವರ ಮೂರನೆಯ ದಿನಕ್ಕೇ ಬಿಟ್ಟರೆ, ದಿನಗೂಲಿಯ ಕೆಲಸಗಾರ ಉಳಿದ ಮಾತ್ರೆಗಳನ್ನು ಮರೆಯುವುದು ಸಹಜ. ಜಿ6ಪಿಡಿ ಎಂಬ ಕಿಣ್ವದ ಕೊರತೆಯುಳ್ಳವರಲ್ಲಿ ಈ ಔಷಧ ಕೆಂಪು ರಕ್ತಕಣಗಳನ್ನು ಒಡೆಯುವ ಅಪಾಯವಿರುವುದರಿಂದ ವೈದ್ಯರೂ ಹಿಂಜರಿಯುತ್ತಾರೆ. ಒಂದೇ ಸಲ ನುಂಗಿದರೆ ಸಾಕಾಗುವ ಟಫೆನೊಕ್ವಿನ್ ಮತ್ತು ರೋಗಿಯ ಬಳಿಯಲ್ಲೇ ಮಾಡಬಹುದಾದ ಕಿಣ್ವ ಪರೀಕ್ಷೆಗಳನ್ನು 2024ರ ಪರಿಷ್ಕರಣೆ ಒಳಗೊಂಡಿದೆ. ಇವು ತಾಲೂಕು ಆಸ್ಪತ್ರೆಗೂ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೂ ತಲಪುವವರೆಗೆ, ಬಂದ ಜ್ವರ ಹಳೆಯ ಸೋಂಕಿನ ಮರುಕಳಿಕೆಯೋ ಇಲ್ಲಿನ ಸೊಳ್ಳೆಯ ಹೊಸ ಕಡಿತವೋ ಎಂದು ಹೇಳುವುದು ಬಹುಮಟ್ಟಿಗೆ ಊಹೆಯಾಗಿಯೇ ಉಳಿಯುತ್ತದೆ, ಮತ್ತು ಊಹೆ ಎಲ್ಲಿದೆಯೋ ಅಲ್ಲಿ ಅನುಕೂಲಕರ ವರ್ಗೀಕರಣಕ್ಕೆ ಜಾಗ ಸಿಗುತ್ತದೆ.

ಮಂಗಳೂರು ಈ ತೊಡಕುಗಳೆಲ್ಲವನ್ನೂ ದಶಕಗಳಿಂದ ಬಲ್ಲ ನಗರ. 1990ರ ದಶಕದಿಂದ ಬಹುಮಹಡಿ ಕಟ್ಟಡಗಳು ಎದ್ದಂತೆಲ್ಲ, ಕಾಂಕ್ರೀಟ್ ಕ್ಯೂರಿಂಗ್‌ಗೆ ನಿಲ್ಲಿಸಿದ ನೀರಿನಲ್ಲಿ, ಬಾವಿಗಳಲ್ಲಿ, ತಾರಸಿಯ ಟ್ಯಾಂಕುಗಳಲ್ಲಿ ಅನಾಫಿಲಿಸ್ ಸ್ಟೀಫೆನ್ಸಿ ಎಂಬ ಸೊಳ್ಳೆ ನೆಲೆ ಕಂಡುಕೊಂಡಿತು. ಕಟ್ಟಡ ಕೆಲಸಕ್ಕೆ ಬಂದ ಕಾರ್ಮಿಕರಲ್ಲಿ ಕೆಲವರು ರೋಗಾಣುವನ್ನು ಹೊತ್ತು ತಂದರೂ, ಅವರಲ್ಲಿ ಬಹಳ ಜನರಿಗೆ ಸೋಂಕು ತಗಲಿದ್ದು ಪರದೆಯಿಲ್ಲದ ಶೆಡ್ಡುಗಳಲ್ಲಿ ಮಲಗಿದ ಇಲ್ಲಿನ ರಾತ್ರಿಗಳಲ್ಲಿ. 2015ರಿಂದ ಆರೋಗ್ಯ ಕಾರ್ಯಕರ್ತರ ಕೈಗೆ ಟ್ಯಾಬ್‌ಗಳನ್ನು ಕೊಟ್ಟು, ಪ್ರತಿ ಪ್ರಕರಣವನ್ನೂ ನಕ್ಷೆಯ ಮೇಲೆ ಗುರುತಿಸಿ, ರೋಗಿಯ ಮನೆ ಮತ್ತು ಸುತ್ತಲಿನ ನೀರಿನ ನೆಲೆಗಳನ್ನು ಹಿಂಬಾಲಿಸುವ ಪದ್ಧತಿ ಜಾರಿಯಾದ ಮೇಲೆ ಪ್ರಕರಣಗಳು ಗಣನೀಯವಾಗಿ ಇಳಿದವು. ಒಂದೇ ದಿನದಲ್ಲಿ ವರದಿ, ಮೂರು ದಿನದೊಳಗೆ ತನಿಖೆ, ಏಳು ದಿನದೊಳಗೆ ಕ್ರಮ ಎಂಬ ಚೀನಾದ ನಿಯಮ, 2021ರಲ್ಲಿ ಆ ದೇಶ ಮಲೇರಿಯಾಮುಕ್ತವೆಂದು ಪ್ರಮಾಣಪತ್ರ ಪಡೆದ ಮೇಲೆ, ಜಗತ್ತಿನೆಲ್ಲೆಡೆ ಚರ್ಚೆಯಾಗಿದೆ. ಕಾರ್ಮಿಕರು ತಿಂಗಳಿಗೊಂದು ಕಟ್ಟಡ ಬದಲಿಸುವ, ಖಾಸಗಿ ಚಿಕಿತ್ಸೆಯೇ ಹೆಚ್ಚಾಗಿರುವ ಭಾರತದ ನಗರದ ಅನುಭವಕ್ಕೆ ಅಷ್ಟು ಗಮನ ಸಿಕ್ಕಿಲ್ಲ. ಇದೇ ಸ್ಟೀಫೆನ್ಸಿ ಸೊಳ್ಳೆ 2012ರಲ್ಲಿ ಜಿಬೂತಿಯಲ್ಲಿ ಕಾಣಿಸಿಕೊಂಡು, ನಿರ್ಮೂಲನೆಯ ಅಂಚಿನಲ್ಲಿದ್ದ ಆ ಪುಟ್ಟ ದೇಶವನ್ನು 2020ರ ಹೊತ್ತಿಗೆ 70,000ಕ್ಕೂ ಹೆಚ್ಚು ಪ್ರಕರಣಗಳಿಗೆ ತಂದು ನಿಲ್ಲಿಸಿದ ಮೇಲೆ, ಇಥಿಯೋಪಿಯಾದ ನಗರಗಳಿಗೂ ವ್ಯಾಪಿಸಿದ ಮೇಲೆ, ನಗರ ಮಲೇರಿಯಾದ ಬಗ್ಗೆ ಬರೆಯುವ ಯಾವುದೇ ಅಂತರರಾಷ್ಟ್ರೀಯ ದಾಖಲೆ ಈ ಸೊಳ್ಳೆಯೊಡನೆ ಬಹುಕಾಲ ಸೆಣಸಿದ ಊರುಗಳ ಆರೋಗ್ಯ ಸಿಬ್ಬಂದಿಯನ್ನು ಕೇಳದೆ ಮುಂದುವರಿಯುವುದು ತಪ್ಪಾಗುತ್ತದೆ.

ಸೊನ್ನೆ ಮುಟ್ಟಿದ ಮೇಲಿನ ವರ್ಷಗಳಿಗೂ ಇಷ್ಟೇ ಗಮನ ಬೇಕು. 1930ರ ದಶಕದಿಂದ ಈಚೆಗೆ 61 ದೇಶಗಳಲ್ಲಿ ನಡೆದ 75 ಮಲೇರಿಯಾ ಮರುಕಳಿಕೆಗಳನ್ನು ಪರಿಶೀಲಿಸಿ 2012ರಲ್ಲಿ ಪ್ರಕಟವಾದ ಅಧ್ಯಯನವೊಂದು, ಅವುಗಳಲ್ಲಿ 68ಕ್ಕೆ ನಿಯಂತ್ರಣ ಕಾರ್ಯಕ್ರಮ ದುರ್ಬಲವಾದದ್ದು ಭಾಗಶಃವಾದರೂ ಕಾರಣವೆಂದು ತೋರಿಸಿತು. ದುರ್ಬಲವಾಗಲು ಮುಖ್ಯ ಕಾರಣ ಹಣದ ಕೊರತೆ. ವಿದೇಶಿ ನೆರವು ರಾಜಕೀಯ ನಿರ್ಧಾರವೊಂದರಿಂದ ಒಮ್ಮೆಲೇ ನಿಲ್ಲಬಹುದೆಂದು 2025 ತೋರಿಸಿಕೊಟ್ಟಿರುವಾಗ, ಪ್ರಮಾಣಪತ್ರ ಕೇಳುವ ದೇಶ ಮುಂದಿನ ವರ್ಷಗಳ ಕಣ್ಗಾವಲಿಗೆ ಸ್ವಂತ ಬಜೆಟ್ಟಿನಲ್ಲಿ ಹಣ ಮೀಸಲಿಟ್ಟಿರುವುದನ್ನು ತೋರಿಸಬೇಕೆಂಬ ಷರತ್ತು ಕಠಿಣವೆನಿಸಿದರೂ ನ್ಯಾಯವಾದದ್ದು. 2016ರಲ್ಲಿ ಪ್ರಮಾಣಪತ್ರ ಪಡೆದ ಶ್ರೀಲಂಕಾ ಈ ಬಾರಿ ಹಳೆಯ ದಾರಿ ಹಿಡಿಯಲಿಲ್ಲ. 2018ರಲ್ಲಿ ಹೊರದೇಶದಿಂದ ಬಂದ ಕಾರ್ಮಿಕನೊಬ್ಬನಿಂದ ಸ್ಥಳೀಯನೊಬ್ಬನಿಗೆ ಸೋಂಕು ದಾಟಿದಾಗ, ಅದನ್ನು ಪತ್ತೆಹಚ್ಚಿ, ಪರಿಚಯಿತ ಪ್ರಕರಣವೆಂದೇ ದಾಖಲಿಸಿ, ವೈಜ್ಞಾನಿಕ ಪತ್ರಿಕೆಯಲ್ಲಿ ಪ್ರಕಟಿಸಿತು; ಇದರಿಂದ ಅದರ ಮಾನ್ಯತೆಗೆ ಕುಂದು ಬರಲಿಲ್ಲ.

ಭಾರತವೂ ಇದೇ ಮಟ್ಟವನ್ನು ತಲಪಬಹುದು. ಅದಕ್ಕೆ ಮಾರ್ಗಸೂಚಿಯ ಬೆಂಬಲ ಬೇಕು. ಆಮದೆಂದು ಬರೆದ ಪ್ರತಿ ಪ್ರಕರಣಕ್ಕೂ ಪ್ರಯಾಣದ ದಿನಾಂಕ, ಜ್ವರ ಆರಂಭವಾದ ದಿನ, ಸುತ್ತಮುತ್ತಲಿನ ಸೊಳ್ಳೆ ಸಮೀಕ್ಷೆ ಇವಿಷ್ಟು ಪುರಾವೆ ಇರಬೇಕೆಂದೂ, ಇಲ್ಲವಾದರೆ ಅದನ್ನು ಸ್ಥಳೀಯವೆಂದೇ ಎಣಿಸಬೇಕೆಂದೂ, ಜಿಲ್ಲೆಯ ಹೊರಗಿನ ತಂಡವೊಂದು ಆ ಕಡತಗಳನ್ನೂ ಉಳಿಸಿಟ್ಟ ರಕ್ತಲೇಪನದ ಗಾಜುಗಳನ್ನೂ ಮತ್ತೊಮ್ಮೆ ಪರೀಕ್ಷಿಸಬೇಕೆಂದೂ, ಆ ಪರೀಕ್ಷೆಯ ಫಲಿತಾಂಶವನ್ನು ಜಿಲ್ಲಾವಾರು ಪ್ರಕಟಿಸಬೇಕೆಂದೂ ಮುಂದಿನ ಪರಿಷ್ಕರಣೆ ಸ್ಪಷ್ಟವಾಗಿ ಬರೆಯಬೇಕು. ಮತ್ತು ಕೊನೆಯ ಸ್ಥಳೀಯ ಪ್ರಕರಣವನ್ನು ಮುಚ್ಚಿಡದೆ ವರದಿ ಮಾಡಿದ ಜಿಲ್ಲೆಯ ಸಿಬ್ಬಂದಿ ಅದಕ್ಕಾಗಿ ಕಾರಣ ಕೇಳುವ ನೋಟಿಸ್ ಪಡೆಯದಂತೆ ರಾಜ್ಯ ಸರ್ಕಾರಗಳು ಈಗಿನಿಂದಲೇ ನೋಡಿಕೊಳ್ಳಬೇಕು.