ಕೋಟೆ ನೋಡಿದವರು ಲೈನು ಮನೆಯನ್ನೂ ನೋಡಲಿ

ರಜೆ ಬಂತೆಂದರೆ ಬೆಂಗಳೂರಿನ ಕಾರುಗಳು ಚನ್ನರಾಯಪಟ್ಟಣ, ಹಾಸನ ದಾಟಿ ಸಕಲೇಶಪುರಕ್ಕೆ ಸಾಲುಗಟ್ಟುತ್ತವೆ. ಮಂಗಳೂರು ರಸ್ತೆಯ ಮಗ್ಗುಲಲ್ಲಿ 1792ರಲ್ಲಿ ಟಿಪ್ಪು ಕಟ್ಟಿಸಿದ ಮಂಜರಾಬಾದ್ ಕೋಟೆ, ಎಂಟು ಮೂಲೆಯ ನಕ್ಷತ್ರ. ನೋಡತಕ್ಕದ್ದೇ. ಆದರೆ ಆ ಊರನ್ನು ಬೆಳೆಸಿದ್ದು ಕೋಟೆಯಲ್ಲ, ಕಾಫಿ.

ಬಿಳಿಯ ದೊರೆ ರಾಬರ್ಟ್ ಎಲಿಯಟ್ ಮಂಜರಾಬಾದಿನಲ್ಲಿ ತೋಟ ಮಾಡಿ, 1894ರಲ್ಲಿ ಚಿನ್ನ, ಬೇಟೆ, ಕಾಫಿಗಳ ಮೇಲೆ ಪುಸ್ತಕವನ್ನೇ ಬರೆದ. ಬುಟ್ಟಿ ಹೊತ್ತವರು ಬರೆಯಲಿಲ್ಲ. ಮೇಸ್ತ್ರಿಗಳು ಮುಂಗಡ ಕೊಟ್ಟು ಕರೆತಂದ ಜನ ಅವರು. ಈಗ ಅಸ್ಸಾಮಿನಿಂದಲೂ ಬರುತ್ತಾರೆ.

1951ರ ತೋಟ ಕಾರ್ಮಿಕರ ಕಾಯಿದೆ ಮನೆ, ಔಷಧ, ಕೂಸಿನ ಮನೆ ಕೊಡಿರೆಂದಿತು. ಯಾರಿಗೆ? 25 ಎಕರೆ, 30 ಆಳು ಇದ್ದ ತೋಟಕ್ಕೆ! 1981ರಲ್ಲಿ 5 ಹೆಕ್ಟೇರು, 15 ಆಳಿಗೆ ಇಳಿಸಿದರು. ಅದಕ್ಕೂ ಚಿಕ್ಕ ತೋಟದಲ್ಲಿ ಹಣ್ಣು ಬಿಡಿಸಿದವಳು ಹೊರಗೇ ಉಳಿದಳು. ನಮ್ಮಲ್ಲಿ ಚಿಕ್ಕ ತೋಟಗಳೇ ಹೆಚ್ಚು ಎಂಬುದು ಕಾಯಿದೆ ಬರೆದ ಮಹನೀಯರಿಗೆ ತಿಳಿಯದೆ? ಚಿಕ್ಕ ಬೆಳೆಗಾರನನ್ನು ನಾವು ದೂರುವುದಿಲ್ಲ. ಅವನ ಬೆಲೆ ನ್ಯೂಯಾರ್ಕ್, ಲಂಡನ್ನುಗಳಲ್ಲಿ ನಿಶ್ಚಯವಾಗುತ್ತದೆ.

ಬಯಲಿನ ನಮಗೇನು ಎನ್ನುವಿರಾ? ಸಕಲೇಶಪುರದ ಹೇಮಾವತಿಯೇ ಗೊರೂರಿನಲ್ಲಿ ನಿಂತು ಹೊಳೆನರಸೀಪುರಕ್ಕೆ ಹರಿಯುವುದು. ಘಟ್ಟದ ಕಾಫಿಯ ಸಿಪ್ಪೆ ಕಳಚುವುದು ಹಾಸನದ ಕ್ಯೂರಿಂಗ್ ಕಾರ್ಖಾನೆಗಳಲ್ಲಿ. ತೋಟದಲ್ಲಿ ಬಟವಾಡೆ ಸರಿಯಾಗಿ ಆದ ವಾರವೇ ಸಂತೆಯ ಅಂಗಡಿಗೂ ಗಿರಾಕಿ.

ಎಕರೆ ಲೆಕ್ಕ ಬಿಟ್ಟು, ಹಣ್ಣು ಬಿಡಿಸುವ ಎಲ್ಲರಿಗೂ ಸರಕಾರವೇ ಮನೆ ಕಟ್ಟಿಸಲಿ ಎಂದು ನಾವು ಕೇಳುತ್ತೇವೆ. ಹಣವಿಲ್ಲವೆಂದರೆ, ತೋಟದ ಚೆಲುವನ್ನು ರಾತ್ರಿ ಲೆಕ್ಕದಲ್ಲಿ ಮಾರುವ ರೆಸಾರ್ಟುಗಳ ಮೇಲೆ ಸುಂಕ ಹಾಕಲಿ.