ಮುಷ್ಟಿಯ ಬಲಕ್ಕೆ ಮಣಿಕಟ್ಟಿನ ಲೆಕ್ಕ

ಹಿಡಿತದ ಬಲ ಅಂಗೈಯದ್ದು, ತೋಳು ಹೇಗಿದ್ದರೇನು, ಹಿಡಿತ ಅಳೆಯುವ ಡೈನಮೋಮೀಟರ್ ತೋರಿಸಿದ ಕಿಲೋಗಳೇ ಈಗಿನ ಹುಡುಗರ ನಿಶ್ಶಕ್ತಿಗೆ ಸಾಕ್ಷಿ ಎಂಬುದು ಕಳೆದ ಸಂಚಿಕೆಯ ಲೇಖನದ ವಾದ. ಆದರೆ ಬೆರಳು ಮಡಿಸುವ ಮುಖ್ಯ ಸ್ನಾಯುಗಳಿರುವುದು ಅಂಗೈಯಲ್ಲಲ್ಲ, ಮುಂದೋಳಿನಲ್ಲಿ. ಅವುಗಳ ರಜ್ಜುಗಳು ಮಣಿಕಟ್ಟು ದಾಟಿಯೇ ಬೆರಳು ಸೇರಬೇಕು. ಮಣಿಕಟ್ಟನ್ನು ಪೂರ್ತಿ ಒಳಕ್ಕೆ ಬಾಗಿಸಿ ಪೆನ್ನೊಂದನ್ನು ಬಿಗಿಹಿಡಿಯಿರಿ: ಸ್ನಾಯು ಮೊದಲೇ ಮೊಟಕಾಗಿರುತ್ತದೆ, ಪೆನ್ನು ಸಲೀಸಾಗಿ ಜಾರುತ್ತದೆ. ಗರಡಿಯ ಪೈಲ್ವಾನನೂ ಇದಕ್ಕೆ ಹೊರತಲ್ಲ. ಅದಕ್ಕೇ ಅಮೆರಿಕದ ಹ್ಯಾಂಡ್ ಥೆರಪಿಸ್ಟರ ಸಂಘ ಅಳತೆಯ ಭಂಗಿ ಗೊತ್ತುಮಾಡಿದೆ: ಕುಳಿತಿರಬೇಕು, ತೋಳು ಪಕ್ಕೆಗೆ, ಮೊಣಕೈ 90 ಡಿಗ್ರಿ. ಮೊಣಕೈ ಬಗ್ಗೆ ಅಧ್ಯಯನಗಳಲ್ಲಿ ಒಮ್ಮತವಿಲ್ಲ, ನಿಜ; ಮಡಿಸಿದಾಗ ಬಲ ಹೆಚ್ಚೆಂದು ಕೆಲವು, ಚಾಚಿದಾಗ ಹೆಚ್ಚೆಂದು ಕೆಲವು. ಹಾಗಿರುವಾಗ ಭಂಗಿಯನ್ನು ಬರೆದಿಡದೆ ಹೋಲಿಸುವುದಾದರೂ ಹೇಗೆ? ಲೇಖಕರು ಹೋಲಿಸಿದ ಎರಡು ಗುಂಪುಗಳಲ್ಲಿ ಯಾರು ಕೂತಿದ್ದರು, ಯಾರು ನಿಂತಿದ್ದರು? ಲೇಖನದಲ್ಲಿ ಆ ಸಾಲೇ ಇಲ್ಲ.