ಹರಟೆಗೂ ಲೆಕ್ಕವೇ?

ಎ.ಎಂ.ನಲ್ಲಿ ಮಾತಾಡುವ ಹವ್ಯಾಸಿ ರೇಡಿಯೋದವರ ಮೇಲೆ ಒಂದು ಹಳೆಯ ಆಪಾದನೆ ಇದೆ. ನಾವು ಬಸ್ಸಿನಲ್ಲಿ ಇಬ್ಬರು ಕೂರುವ ಸೀಟಿನ ಮೇಲೆ ಒಬ್ಬರೇ ಕಾಲು ಚಾಚಿಕೊಂಡವರಂತೆ. ಒಹಾಯೋದ ನಮ್ಮ ಕ್ಲಬ್ಬಿನಲ್ಲಿ ಈ ಮಾತನ್ನು ಮೂವತ್ತು ವರ್ಷಗಳಿಂದ ಕೇಳುತ್ತಾ ಬಂದಿದ್ದೇನೆ. ಈಚೆಗೆ ಅದಕ್ಕೆ ಇನ್ನೊಂದು ಸೇರಿಕೊಂಡಿದೆ: ‘ಅಷ್ಟು ಜಾಗ ಹಿಡಿದು ನೀವು ಮಾತಾಡುವುದಾದರೂ ಏನು? ಮೊಣಕಾಲು ನೋವು, ಟೊಮೇಟೊ ಗಿಡ!’ ಮೊದಲನೆಯ ಆಪಾದನೆಗೆ ಉತ್ತರ ಕೊಡಬೇಕೆಂದು ನನಗೆ ಎಂದೂ ಅನ್ನಿಸಿರಲಿಲ್ಲ. ಎರಡನೆಯದನ್ನು ಕೇಳಿದ ಮೇಲೆ ಸುಮ್ಮನಿರಲು ಆಗುತ್ತಿಲ್ಲ.

ಹ್ಯಾಮ್ ರೇಡಿಯೋ ಗೊತ್ತಿಲ್ಲದವರಿಗೆ ನಾಲ್ಕು ಮಾತು. ಸರ್ಕಾರದ ಪರೀಕ್ಷೆ ಪಾಸು ಮಾಡಿ, ಪರವಾನಗಿ ಪಡೆದು, ಮನೆಯಿಂದಲೇ ರೇಡಿಯೋ ಪ್ರಸಾರ ಮಾಡಿ ದೂರದವರೊಡನೆ ಮಾತಾಡುವ ಹವ್ಯಾಸ ಇದು. ದುಡ್ಡು ಮಾಡುವ ಹಾಗಿಲ್ಲ, ಹಾಡು ಹಾಕುವ ಹಾಗಿಲ್ಲ. ಮಾತನ್ನು ಅಲೆಯ ಮೇಲೆ ಹೇರುವುದಕ್ಕೆ ಬೇರೆ ಬೇರೆ ದಾರಿಗಳಿವೆ. ಅತ್ಯಂತ ಹಳೆಯದು ಆಂಪ್ಲಿಟ್ಯೂಡ್ ಮಾಡ್ಯುಲೇಶನ್, ಅಂದರೆ ಎ.ಎಂ. ನಮ್ಮ ಮನೆಗಳ ಮರ್ಫಿ, ಫಿಲಿಪ್ಸ್ ಪೆಟ್ಟಿಗೆಗಳಲ್ಲಿ ಮೀಡಿಯಂ ವೇವ್ ಕೇಳುತ್ತಿದ್ದೆವಲ್ಲ, ಅದೇ. ಇದರಲ್ಲಿ ನಡುವೆ ಒಂದು ವಾಹಕ ಅಲೆ ಇರುತ್ತದೆ. ಎರಡು ಪಕ್ಕದಲ್ಲಿ ಮಾತಿನ ಎರಡು ಪ್ರತಿಗಳು. 1950ರ ದಶಕದಿಂದ ಈಚೆಗೆ ಹ್ಯಾಮ್‌ಗಳು ಸಿಂಗಲ್ ಸೈಡ್‌ಬ್ಯಾಂಡ್ ಎಂಬ ಪದ್ಧತಿಗೆ ಹೊರಳಿದರು. ಅದರಲ್ಲಿ ವಾಹಕವನ್ನೂ ಒಂದು ಪ್ರತಿಯನ್ನೂ ಕಿತ್ತುಹಾಕಿ, ಉಳಿದ ಒಂದು ಪ್ರತಿಯನ್ನು ಮಾತ್ರ ಕಳಿಸುತ್ತಾರೆ.

ಲೆಕ್ಕವನ್ನು ಲೆಕ್ಕವಾಗಿಯೇ ಒಪ್ಪಿಕೊಳ್ಳೋಣ. 100 ವಾಟ್ ವಾಹಕವಿರುವ ಎ.ಎಂ. ಪ್ರೇಷಕದಲ್ಲಿ ಪೂರ್ತಿ ಮಾಡ್ಯುಲೇಶನ್ ಇದ್ದಾಗ ಎರಡು ಪಕ್ಕಗಳಿಗೆ ತಲಾ 25 ವಾಟ್ ಸಿಗುತ್ತದೆ. ಒಟ್ಟು 150 ವಾಟ್‌ನಲ್ಲಿ ಮಾತನ್ನು ಹೊತ್ತದ್ದು 50 ಮಾತ್ರ. ಅದರಲ್ಲೂ ಅರ್ಧ ನಕಲು. ಜಾಗದ ಲೆಕ್ಕದಲ್ಲಿ ಎ.ಎಂ.ಗೆ 6 ಕಿಲೋಹರ್ಟ್ಸ್, ಕೆಲವೊಮ್ಮೆ ಇನ್ನೂ ಹೆಚ್ಚು. ಸೈಡ್‌ಬ್ಯಾಂಡಿಗೆ ಮೂರರೊಳಗೆ ಸಾಕು. ಗಣಿತದಲ್ಲಿ ನಾವು ಸೋತೆವು. ‘ಏನ್ಷಿಯಂಟ್ ಮಾಡ್ಯುಲೇಶನ್’ ಎಂದು ನಮ್ಮನ್ನು ಗೇಲಿ ಮಾಡುತ್ತಾರೆ. ಮಾಡಲಿ.

ಆದರೆ ಸ್ವಾಮಿ, ಮಾತು ಎಂಬುದು ಬರೀ ಗಣಿತವೇ? ಸೈಡ್‌ಬ್ಯಾಂಡಿನಲ್ಲಿ ಸಾಮಾನ್ಯವಾಗಿ 300 ಹರ್ಟ್ಸ್‌ಗಿಂತ ಕೆಳಗಿನದನ್ನು ಕತ್ತರಿಸಿಬಿಡುತ್ತಾರೆ. ಅರ್ಥಕ್ಕೆ ಅದು ಬೇಕಿಲ್ಲವಂತೆ. ಗಂಡಸರ ಎದೆಯ ದನಿ ಇರುವುದೇ ಅಲ್ಲಿ! ಅರ್ಥ ಉಳಿಯಿತು, ಮನುಷ್ಯ ಹೋದ. ಮೇಲಾಗಿ ರಿಸೀವರನ್ನು ಒಂದಿಷ್ಟು ಆಚೀಚೆ ತಿರುಗಿಸಿದರೂ ಸೈಡ್‌ಬ್ಯಾಂಡಿನ ಮಾತು ಬಾತುಕೋಳಿಯ ಕೂಗಾಗುತ್ತದೆ. ಎ.ಎಂ. ಹಾಗಲ್ಲ. ಗಟ್ಟಿಯಾದ ವಾಹಕ ಬಂದು ಕೂತೊಡನೆ ರಿಸೀವರಿನ ಗೊರಗೊರ ತಗ್ಗುತ್ತದೆ. ಆ ಮೌನದ ಮೇಲೆ ಮನುಷ್ಯನ ಧ್ವನಿ ಏಳುತ್ತದೆ. ಅವನು ಕುರ್ಚಿ ಸರಿಸಿದ್ದು, ಕಾಫಿ ಲೋಟ ಮೇಜಿನ ಮೇಲಿಟ್ಟದ್ದು, ಮಾತಿಗೆ ಮುಂಚೆ ಉಸಿರೆಳೆದದ್ದು ಎಲ್ಲ ಕೇಳಿಸುತ್ತದೆ. ಕೇಳುವುದಕ್ಕೆ ದುಬಾರಿ ಯಂತ್ರವೂ ಬೇಡ. ಮಾತನ್ನು ಬಿಡಿಸಲು ಒಂದು ಡಯೋಡ್ ಸಾಕು. ಆ ಅಲೆಗೆ ಹೊಂದುವ ಹಳೆಯ ಶಾರ್ಟ್ ವೇವ್ ರೇಡಿಯೋ ಇರುವ ಯಾರೂ, ಪರವಾನಗಿ ಇಲ್ಲದವರೂ, ನಮ್ಮ ಹರಟೆಗೆ ಕಿವಿಗೊಡಬಹುದು. ಬಾಗಿಲು ತೆರೆದಿಟ್ಟ ಮನೆ ಇದು. ತೆರೆದ ಬಾಗಿಲಿನಿಂದ ಶಾಖ ವ್ಯರ್ಥವಾಗುತ್ತದೆ ಎನ್ನುವವರಿಗೆ ಏನು ಹೇಳುವುದು?

‘ಇದೆಲ್ಲ ಬ್ಯಾಂಡ್ ಚೆನ್ನಾಗಿದ್ದಾಗಿನ ಮಾತು’ ಎನ್ನುತ್ತಾರೆ. ಹೌದು, ಚೆನ್ನಾಗಿದ್ದಾಗಿನ ಮಾತೇ. ಚೆನ್ನಾಗಿರುವುದು ಎಂದರೇನು ಎಂದು ಕೊಂಚ ಹೇಳುತ್ತೇನೆ. ಸೂರ್ಯನ ಮೇಲಿನ ಕಲೆಗಳು ಸುಮಾರು ಹನ್ನೊಂದು ವರ್ಷಕ್ಕೊಮ್ಮೆ ಹೆಚ್ಚಿ ತಗ್ಗುತ್ತವೆ. ಅವು ಹೆಚ್ಚಿದಾಗ ನಮ್ಮ ತಲೆಯ ಮೇಲೆ ನೂರಾರು ಕಿಲೋಮೀಟರ್ ಎತ್ತರದ ಅಯಾನು ಪದರ ದಟ್ಟವಾಗುತ್ತದೆ. ಬೇರೆ ಕಾಲದಲ್ಲಿ ಆಕಾಶ ತೂರಿ ಹೋಗಿಬಿಡುವ 10 ಮೀಟರ್ ಬ್ಯಾಂಡಿನ ಅಲೆಗಳನ್ನು ಅದು ಬಾಗಿಸಿ ಭೂಮಿಗೆ ಮರಳಿಸುತ್ತದೆ. ಈಗಿನ ಸೌರಚಕ್ರ 2019ರ ಡಿಸೆಂಬರಿನಲ್ಲಿ ಶುರುವಾಯಿತು. ಸೂರ್ಯ ಗರಿಷ್ಠದ ಅವಧಿ ಮುಟ್ಟಿದ್ದಾನೆಂದು ನಾಸಾ ಮತ್ತು ನೋವಾ ಸಂಸ್ಥೆಗಳು 2024ರ ಅಕ್ಟೋಬರಿನಲ್ಲಿ ಸಾರಿದವು. ಆ ವರ್ಷಗಳ ಚಳಿಗಾಲದ ಬೆಳಗುಗಳನ್ನು ನಾನು ಮರೆಯಲಾರೆ. 29 ಮೆಗಾಹರ್ಟ್ಸ್ ಸುತ್ತ ಎ.ಎಂ. ಧ್ವನಿಗಳು ಒಂದರ ಪಕ್ಕ ಒಂದು ಸಂತೆಯ ಅಂಗಡಿಗಳಂತೆ ಕೂತಿರುತ್ತಿದ್ದವು. ಮುನ್ನೂರು ಕಿಲೋಮೀಟರ್ ಆಚೆಯ ಗೆಳೆಯ ನನಗೆ ಕೇಳಿಸುತ್ತಿರಲಿಲ್ಲ. ಅಲೆ ಅವನ ತಲೆಯ ಮೇಲೆ ಹಾದುಹೋಗುತ್ತಿತ್ತು. ಎರಡು ನೆಗೆತದ ಆಚೆ, ಸುಮಾರು ಆರು ಸಾವಿರ ಕಿಲೋಮೀಟರ್ ದೂರದ ಇಂಗ್ಲೆಂಡಿನ ಮುದುಕ ಮಾತ್ರ ನನ್ನ ಕೋಣೆಯಲ್ಲೇ ಕೂತಂತೆ ಮಾತಾಡುತ್ತಿದ್ದ. ನನ್ನದು ಹತ್ತೇ ವಾಟ್ ವಾಹಕ. ವಾಟ್ ಪೋಲಾಯಿತು ಎನ್ನುವ ವಾದ ಅಂಥ ದಿನ ನಿಲ್ಲುವುದಿಲ್ಲ. ಆಕಾಶವೇ ಧಾರಾಳಿಯಾಗಿರುವಾಗ ಜುಗ್ಗತನ ಯಾರಿಗಾಗಿ?

ಜಾಗದ ವಾದವನ್ನೂ ನೋಡೋಣ. 10 ಮೀಟರ್ ಬ್ಯಾಂಡ್ 28ರಿಂದ 29.7 ಮೆಗಾಹರ್ಟ್ಸ್‌ವರೆಗೆ, ಅಂದರೆ 1700 ಕಿಲೋಹರ್ಟ್ಸ್. ಆರಾರರಂತೆ ಹಂಚಿದರೂ 280ಕ್ಕೂ ಹೆಚ್ಚು ಹರಟೆಗಳು ಹಿಡಿಯುತ್ತವೆ. ರಾತ್ರಿ ನಾವು ಸೇರುವ 75 ಮೀಟರಿನಲ್ಲಿ ಜಾಗ ಕಡಿಮೆ, ನಿಜ. ಹಗಲು ಆ ಅಲೆಗಳನ್ನು ನುಂಗುವ ಕೆಳ ಪದರ ಸೂರ್ಯ ಮುಳುಗಿದ ಮೇಲೆ ಕರಗಿಹೋಗುವುದರಿಂದ ಎಲ್ಲರೂ ಆಗಲೇ ಅಲ್ಲಿಗೆ ಬರುತ್ತಾರೆ. ಅಲ್ಲೂ ನಾವು ಊರೆಲ್ಲ ಹರಡಿಕೊಂಡಿಲ್ಲ, 3.885ರ ಸುತ್ತ ಒಂದು ಮೂಲೆ ಹಿಡಿದು ಕೂತಿದ್ದೇವೆ. ಸ್ಪರ್ಧೆಗಳ ದಿನ ದೂರ ಸರಿಯುತ್ತೇವೆ. ನೆರೆ, ಚಂಡಮಾರುತದ ಹೊತ್ತಿನಲ್ಲಿ ಸೈಡ್‌ಬ್ಯಾಂಡೇ ಸರಿ. ಅದರಲ್ಲಿ ನನಗೆ ಎರಡು ಮಾತಿಲ್ಲ.

ಇನ್ನು ನನ್ನ ಪ್ರಶ್ನೆ. ಹೀಗೆ ಉಳಿಸಿದ ಜಾಗದಲ್ಲಿ ನೀವು ಮಾಡುವುದೇನು? 2017ರಲ್ಲಿ ಎಫ್‌ಟಿ8 ಎಂಬ ಡಿಜಿಟಲ್ ಪದ್ಧತಿ ಬಂತು. ಅದನ್ನು ರೂಪಿಸಿದವರಲ್ಲಿ ಒಬ್ಬರು 1993ರಲ್ಲಿ ಭೌತಶಾಸ್ತ್ರದ ನೊಬೆಲ್ ಪಡೆದ ಜೋಸೆಫ್ ಟೇಲರ್. ಅವರ ಜಾಣ್ಮೆಗೆ ನನ್ನ ನಮಸ್ಕಾರ. ಸುಮಾರು 50 ಹರ್ಟ್ಸ್ ಅಗಲದಲ್ಲಿ, ಕಿವಿಗೇ ನಿಲುಕದಷ್ಟು ಕ್ಷೀಣ ಸಂಕೇತವನ್ನು ಕಂಪ್ಯೂಟರ್ ಹೆಕ್ಕಿ ತೆಗೆಯುತ್ತದೆ. ಹದಿನೈದು ಸೆಕೆಂಡಿಗೊಂದು ಸರದಿ: ಕರೆಹೆಸರು, ಸ್ಥಳದ ಗುರುತು, ಸಂಕೇತದ ಬಲ, ಕೊನೆಗೆ ನಮಸ್ಕಾರದ 73. ಮುಗಿಯಿತು, ಮುಂದಿನವರು ಬನ್ನಿ. ಬ್ಯಾಂಡ್ ಸೊರಗಿದ ದಿನಗಳಲ್ಲಿ ಇದು ಸಂಜೀವಿನಿ. ಆದರೆ ಬ್ಯಾಂಡ್ ಪೂರ್ತಿ ತೆರೆದು ನಿಂತ ದಿನವೂ ಬಹುಮಂದಿ ಅಲ್ಲೇ ಕೂತು ದೇಶಗಳನ್ನು ಎಣಿಸುತ್ತಾರಲ್ಲ, ಅದು ನನಗೆ ಅರ್ಥವಾಗುವುದಿಲ್ಲ. ಮದುವೆ ಮನೆಗೆ ಹೋಗಿ, ಮುಯ್ಯಿ ಬರೆಸಿ, ಊಟ ಮಾಡದೆ ಯಾರನ್ನೂ ಮಾತಾಡಿಸದೆ ಮುಂದಿನ ಛತ್ರಕ್ಕೆ ಓಡಿದ ಹಾಗೆ. ಸಂಪರ್ಕವಾಯಿತು ಎಂದು ದಾಖಲೆ ಹೇಳುತ್ತದೆ. ಯಾರ ಸಂಪರ್ಕ ಯಾರಿಗೆ?

‘ಟೊಮೇಟೊ ಗಿಡದ ಮಾತು’ ಎಂದು ಹೀಗಳೆಯುವವರು ಈ ವಿದ್ಯೆಯ ಚರಿತ್ರೆಯನ್ನು ಓದಬೇಕು. 1900ರ ಡಿಸೆಂಬರ್ 23ರಂದು ಪೊಟೋಮ್ಯಾಕ್ ನದಿಯ ಕಾಬ್ ದ್ವೀಪದಲ್ಲಿ ರೆಜಿನಾಲ್ಡ್ ಫೆಸೆಂಡನ್ ಮೊದಲ ಬಾರಿಗೆ ಮನುಷ್ಯನ ಮಾತನ್ನು ರೇಡಿಯೋ ಅಲೆಯ ಮೇಲೆ ಒಂದು ಮೈಲಿಯಷ್ಟು ದೂರ ಕಳಿಸಿದ. ಆತ ಕೇಳಿದ್ದೇನು ಗೊತ್ತೆ? ನಿಮ್ಮಲ್ಲಿ ಹಿಮ ಬೀಳುತ್ತಿದೆಯೇ ಎಂದು. ಅಷ್ಟೇ. ಆಕಾಶದಲ್ಲಿ ಹೋದ ಮೊದಲ ಮಾತೇ ಹವಾಮಾನದ ಹರಟೆ! ನಮ್ಮ ಮೈಸೂರಿನಲ್ಲಿ 1935ರಲ್ಲಿ ತಮ್ಮ ಮನೆಯಿಂದಲೇ ‘ಆಕಾಶವಾಣಿ’ ಶುರುಮಾಡಿದ ಎಂ.ವಿ. ಗೋಪಾಲಸ್ವಾಮಿಯವರು ಎಂಜಿನಿಯರಲ್ಲ, ಮನಶ್ಶಾಸ್ತ್ರದ ಪ್ರಾಧ್ಯಾಪಕರು. ಇಡೀ ದೇಶದ ರೇಡಿಯೋಗೆ ಆಮೇಲೆ ಅದೇ ಹೆಸರು ಬಂತು. ಮಾತು ಮನುಷ್ಯನಿಗೆ ಯಾತಕ್ಕೆ ಬೇಕು ಎಂಬುದು ಅಂಥವರಿಗೆ ತಿಳಿದಿರುತ್ತದೆ.

ನಮ್ಮ ರಾತ್ರಿಯ ಕೂಟದಲ್ಲಿ ಪೆನ್ಸಿಲ್ವೇನಿಯಾದ ಒಬ್ಬ ಹಿರಿಯರಿದ್ದಾರೆ. ಹೆಂಡತಿ ತೀರಿಕೊಂಡಿದ್ದಾರೆ, ಮಕ್ಕಳು ದೂರ. ಅವರ ಸರದಿ ಬಂದರೆ ಎಂಟು ಒಂಬತ್ತು ನಿಮಿಷ ಬಿಡುವುದಿಲ್ಲ. ಹತ್ತು ನಿಮಿಷಕ್ಕೊಮ್ಮೆ ಕರೆಹೆಸರು ಹೇಳಬೇಕೆಂಬ ಕಾನೂನೇ ಅವರಿಗೆ ಪೂರ್ಣವಿರಾಮ. ಒಂದು ರಾತ್ರಿ ಅವರ ಸಂಕೇತ ಎಂದಿನಂತೆ ಗಟ್ಟಿಯಾಗಿತ್ತು, ಮಾತೂ ಸರಿಯಾಗಿತ್ತು. ಆದರೆ ವಾಕ್ಯಗಳ ನಡುವೆ ಉಸಿರು ಸಿಕ್ಕಿಕೊಳ್ಳುತ್ತಿತ್ತು. ಕೂಟದ ನಾಲ್ವರಿಗೂ ಅದು ಕೇಳಿಸಿತು. ಒಬ್ಬ ಫೋನು ಹಚ್ಚಿ ಅವರ ನೆರೆಯವರನ್ನು ಎಬ್ಬಿಸಿದ; ಬೆಳಗಿನೊಳಗೆ ಅವರು ಆಸ್ಪತ್ರೆಯಲ್ಲಿದ್ದರು. ಈಗ ಚೆನ್ನಾಗಿದ್ದಾರೆ, ಮತ್ತೆ ಟೊಮೇಟೊ ಗಿಡದ ವಿಷಯಕ್ಕೇ ಬಂದಿದ್ದಾರೆ. ಹದಿನೈದು ಸೆಕೆಂಡಿನ ಸರದಿಯಲ್ಲಿ ಅವರಿಂದ ನಮಗೆ ತಲುಪುತ್ತಿದ್ದುದು ಸಂಕೇತದ ಬಲದ ಅಂಕಿ ಮಾತ್ರ. ಅಂಕಿ ಆ ರಾತ್ರಿ ಬಹಳ ಚೆನ್ನಾಗಿಯೇ ಇತ್ತು.

ಎ.ಎಂ. ಅನ್ನು ಅಟ್ಟುವ ಪ್ರಯತ್ನ ಹೊಸದಲ್ಲ. ಅಮೆರಿಕದಲ್ಲಿ 1976ರಲ್ಲಿ ಅಗಲಕ್ಕೆ ಮಿತಿ ಹಾಕಿ ಅದನ್ನು ಹೆಚ್ಚಿನ ಬ್ಯಾಂಡ್‌ಗಳಿಂದ ಹೊರಗಿಡುವ ಪ್ರಸ್ತಾಪ ಬಂದು ಬಿದ್ದುಹೋಯಿತು. 1990ರ ಜೂನ್‌ನಿಂದ ಶಕ್ತಿಯ ಮಿತಿಯನ್ನು ಕಡಿದರು. ಪೂರ್ತಿ ಮಾಡ್ಯುಲೇಶನ್ನಿನ ವಾಹಕ ಈಗ 375 ವಾಟ್ ದಾಟುವಂತಿಲ್ಲ. ಆದರೂ ನಾವು ಇದ್ದೇವೆ. ಕಾನೂನಿನ ಭಯ ನನಗಿಲ್ಲ. ನನ್ನ ಭಯ, ಬಾಯಿಬಿಟ್ಟು ಮಾತಾಡುವುದೇ ದಂಡ ಎಂದು ನಂಬುವ ತಲೆಮಾರಿನದು. ಕಾನೂನನ್ನು ಅರ್ಜಿ ಬರೆದು ತಡೆಯಬಹುದು. ಇದನ್ನು ಮಾತಾಡಿಯೇ ತಡೆಯಬೇಕು.

ಸೂರ್ಯ ಈಗ ಇಳಿಮುಖ. ಮತ್ತೊಂದು ಗರಿಷ್ಠ ಬರುವ ಹೊತ್ತಿಗೆ 2030ರ ದಶಕದ ನಡುಭಾಗವಾಗಿರುತ್ತದೆ. ನಮ್ಮ ಕೂಟದಲ್ಲಿ ಎಷ್ಟು ಜನ ಉಳಿದಿರುತ್ತಾರೋ. ಆದ್ದರಿಂದ ಕಿರಿಯ ಮಿತ್ರರಿಗೆ ನನ್ನ ಬಿನ್ನಹ ಇಷ್ಟೇ. ನಿಮ್ಮ ಕಂಪ್ಯೂಟರನ್ನು ನಾನು ಆರಿಸುವುದಿಲ್ಲ. ಬ್ಯಾಂಡ್ ತೆರೆದ ಒಂದು ಬೆಳಿಗ್ಗೆ, ಲೆಕ್ಕದ ಪುಸ್ತಕ ಮುಚ್ಚಿ, 29 ಮೆಗಾಹರ್ಟ್ಸ್ ಕಡೆ ಬನ್ನಿ. ನಿಮ್ಮ ಸಂಕೇತದ ಬಲವನ್ನು ಯಾರೂ ಮೊದಲು ಹೇಳುವುದಿಲ್ಲ. ಹೇಗಿದ್ದೀರಿ ಎಂದು ಕೇಳುತ್ತೇವೆ; ಉತ್ತರಕ್ಕೆ ಒಂಬತ್ತು ನಿಮಿಷ ಕೊಡುತ್ತೇವೆ.